ಕಸಬೂ ಕಲೆಯೂ: ಇಸ್ಲಾಂ ತತ್ತ್ವಚಿಂತನೆಯಲ್ಲಿ ಕೈಗೆಲಸದ ಸ್ಥಾನ

(ದಾಬಸ್‌ಪೇಟೆಯಲ್ಲಿ ನಡೆದ ಉಪನ್ಯಾಸದ ಪಾಠ)



ಕನ್ನಡಿಗರು ದಿನವೂ ಆಡುವ ‘ಕಸಬು’ ಎಂಬ ಮಾತು ಅರಬ್ಬೀ ಭಾಷೆಯ ‘ಕಸ್ಬ್’ ಎಂಬ ಶಬ್ದದಿಂದ ಬಂದುದು. ದುಡಿದು ಗಳಿಸುವುದು, ಸ್ವಪ್ರಯತ್ನದಿಂದ ಸಂಪಾದಿಸುವುದು ಎಂದು ಅದರ ಅರ್ಥ. ‘ಕಾರ್ಖಾನೆ’ ಎಂಬುದು ಪಾರಸೀಕ ಭಾಷೆಯ ಮಾತು. ‘ಕಾರ್’ ಎಂದರೆ ಕೆಲಸ, ‘ಖಾನಾ’ ಎಂದರೆ ಮನೆ. ನಮೂನೆ, ನಕಾಶೆ, ಉಸ್ತಾದ ಎಂಬ ಮಾತುಗಳೂ ಅದೇ ದಾರಿಯಲ್ಲಿ ಬಂದು ನಮ್ಮವರ ಬಾಯಲ್ಲಿ ನಮ್ಮವೇ ಆಗಿಹೋಗಿವೆ. ಈ ದಾಬಸ್‌ಪೇಟೆಯ ಹೆದ್ದಾರಿಯ ಬದಿಯಲ್ಲಿಯೂ ಸೋಂಪುರದ ಕೈಗಾರಿಕಾ ಪ್ರದೇಶದಲ್ಲಿಯೂ ಎದ್ದುನಿಂತಿರುವ ದೊಡ್ಡ ಕಟ್ಟಡಗಳನ್ನು ರೈತನ ಮಗನು ‘ಕಾರ್ಖಾನೆ’ ಎಂದು ಕರೆಯುವಾಗ, ಸುಲ್ತಾನರ ಅರಮನೆಗಳಲ್ಲಿ ನೇಕಾರರೂ ಲೋಹದ ಕೆಲಸದವರೂ ಚಿತ್ರಕಾರರೂ ಒಂದೇ ಸೂರಿನಡಿ ಕುಳಿತು ಕೆಲಸಮಾಡುತ್ತಿದ್ದ ಮನೆಗಳ ಹೆಸರನ್ನೇ ಆತನು ಉಚ್ಚರಿಸುತ್ತಾನೆ. ಹೀಗೆ ಶಬ್ದಗಳು ನಮ್ಮಲ್ಲಿಗೆ ಬಂದುವು. ಆ ಶಬ್ದಗಳ ಹಿಂದೆ ಇದ್ದ ವಿಚಾರವು ಎಂತಹುದು ಎಂಬುದನ್ನು ಮಾತ್ರ ಜನರು ವಿಶೇಷವಾಗಿ ವಿಚಾರಿಸಲಿಲ್ಲ. ಕೈಗೆಲಸವನ್ನೂ ಕಲೆಯನ್ನೂ ಇಸ್ಲಾಂ ಮತದ ತತ್ತ್ವಜ್ಞರು ಯಾವ ದೃಷ್ಟಿಯಿಂದ ಕಂಡರು, ಆ ದೃಷ್ಟಿಗೆ ಕರ್ಣಾಟಕದಲ್ಲಿಯೇ ದೊರೆಯುವ ನಿದರ್ಶನವೇನು, ಅದರಿಂದ ಇಂದಿನವರಿಗೆ ಉಂಟಾಗತಕ್ಕ ಬೋಧೆ ಯಾವುದು, ಎಂಬ ಮೂರು ವಿಷಯಗಳು ಇಲ್ಲಿ ಪರಿಶೀಲಿಸಲ್ಪಡುವುವು.

ಮೊದಲು ಒಂದು ಪ್ರಶ್ನೆ. ಇಲ್ಲಿಂದ ಕಣ್ಣೆತ್ತಿದರೆ ಕಾಣುವ ಶಿವಗಂಗೆಯ ಬೆಟ್ಟದ ತುದಿಯಲ್ಲಿ ಕಲ್ಲಿನ ನಂದಿಯೊಂದಿದೆಯಷ್ಟೆ. ಏರಿ ಹೋದವರೆಲ್ಲರೂ ಅದನ್ನು ಕಂಡಿದ್ದಾರೆ. ಅದನ್ನು ಕಡೆದವನನ್ನು ಕಲ್ಲುಕುಟಿಗನೆನ್ನಬೇಕೋ, ಕಲಾವಿದನೆನ್ನಬೇಕೋ? ಇಂದಿನ ವಿದ್ಯಾವಂತನು ಈ ಎರಡು ಹೆಸರುಗಳ ನಡುವೆ ಒಂದು ಗೋಡೆಯನ್ನು ಎಬ್ಬಿಸಿಕೊಂಡಿದ್ದಾನೆ. ಕಲ್ಲುಕುಟಿಗನಿಗೆ ದಿನಗೂಲಿ, ಕಲಾವಿದನಿಗೆ ಶಾಲುಹಾರ. ಕಸಬು ಹೊಟ್ಟೆಯದು, ಕಲೆ ಆತ್ಮದ್ದು. ಕಸಬನ್ನು ಯಾರು ಬೇಕಾದರೂ ಕಲಿತಾರು, ಕಲೆಯಾದರೋ ಹುಟ್ಟಿನಿಂದ ಬರತಕ್ಕದ್ದು. ಇದು ಲೋಕದಲ್ಲಿ ರೂಢವಾಗಿರುವ ಅಭಿಪ್ರಾಯ.

ಈ ಭೇದವು ಅನಾದಿಯಾದುದಲ್ಲ. ಫ್ರಾನ್ಸ್ ದೇಶದ ಶಾರ್ಲ್ ಬಾತ್ತೋ ಎಂಬ ಪಂಡಿತನು ೧೭೪೬ರಲ್ಲಿ ಬರೆದ ಒಂದು ಗ್ರಂಥದಲ್ಲಿ ಸಂಗೀತ, ಕಾವ್ಯ, ಚಿತ್ರ, ಪ್ರತಿಮಾಶಿಲ್ಪ, ನೃತ್ಯಗಳನ್ನು ಒಂದು ಗುಂಪಾಗಿ ಸೇರಿಸಿ, ಅವಕ್ಕೆ ‘ಸುಂದರ ಕಲೆ’ಗಳೆಂಬ ಹೆಸರನ್ನು ಸ್ಥಿರಪಡಿಸಿ, ಕೇವಲ ಉಪಯೋಗಾರ್ಥವಾದ ಕೆಲಸಗಳಿಂದ ಬೇರ್ಪಡಿಸಿದನು. ಅಲ್ಲಿಂದೀಚೆಗೆ ಈ ವಿಭಾಗವು ಐರೋಪ್ಯ ವಿದ್ಯೆಯೊಡನೆ ಎಲ್ಲ ಕಡೆಗೂ ಹಬ್ಬಿತು. ಅದಕ್ಕೆ ಮುಂಚೆ ನಮ್ಮ ದೇಶದಲ್ಲಿ ‘ಶಿಲ್ಪ’ ಎಂಬ ಒಂದೇ ಮಾತು ಕುಂಭಾರನ ಕೆಲಸಕ್ಕೂ ಸ್ಥಪತಿಯ ಕೆಲಸಕ್ಕೂ ಸಲ್ಲುತ್ತಿದ್ದಿತು. ಅರವತ್ತುನಾಲ್ಕು ಕಲೆಗಳೆಂದು ಪ್ರಾಚೀನರು ಎಣಿಸಿದ ಪಟ್ಟಿಯಲ್ಲಿ ಗೀತವೂ ನೃತ್ಯವೂ ಇರುವಂತೆಯೇ ಅಡುಗೆಯೂ ಬಡಗಿತನವೂ ಇವೆ. ಯವನರು ‘ತೆಖ್ನೆ’ ಎಂಬ ಒಂದೇ ಶಬ್ದದಿಂದ ಎರಡನ್ನೂ ಸೂಚಿಸುತ್ತಿದ್ದರು. ಬಾಗ್ದಾದ್ ನಗರದಲ್ಲಿ ಯವನ ಗ್ರಂಥಗಳು ಅರಬ್ಬೀ ಭಾಷೆಗೆ ಪರಿವರ್ತಿತವಾದಾಗ ಆ ಶಬ್ದಕ್ಕೆ ‘ಸಿನಾಅತ್’ ಎಂಬ ಪ್ರತಿಶಬ್ದವು ನಿಂತಿತು. ವೈದ್ಯನ ವಿದ್ಯೆ, ತರ್ಕ, ಸಂಗೀತ, ನೇಯ್ಗೆ, ಕಮ್ಮಾರಿಕೆ, ಎಲ್ಲವೂ ಸಿನಾಅತ್. ಆದುದರಿಂದ ಇಸ್ಲಾಂ ತತ್ತ್ವಜ್ಞರು ‘ಕಸಬಿಗೂ ಕಲೆಗೂ ಸಂಬಂಧವೇನು?’ ಎಂದು ಕೇಳುವುದಕ್ಕೆ ಬದಲಾಗಿ, ‘ಒಂದು ಕಸಬು ಯಾವಾಗ ಪರಿಪೂರ್ಣವಾಯಿತೆನ್ನಬೇಕು?’ ಎಂದು ಕೇಳಿದರು. ಪ್ರಶ್ನೆಯ ಈ ವ್ಯತ್ಯಾಸವು ಗಮನಿಸತಕ್ಕುದು.

‘ಕಸ್ಬ್’ ಎಂಬ ಶಬ್ದಕ್ಕೆ ಆ ಮತದಲ್ಲಿ ಎರಡು ನೆಲೆಗಳುಂಟು. ಒಂದನೆಯದು ಧರ್ಮಶಾಸ್ತ್ರದ್ದು. ೮೦೫ರಲ್ಲಿ ಕಾಲವಾದ ಅಲ್-ಶೈಬಾನಿ ಎಂಬ ಧರ್ಮಶಾಸ್ತ್ರಜ್ಞನ ಹೆಸರಿನಲ್ಲಿ ‘ಕಿತಾಬ್ ಅಲ್-ಕಸ್ಬ್’ ಎಂಬ ಗ್ರಂಥವು ಪ್ರಸಿದ್ಧವಾಗಿದೆ. ಜೀವನಕ್ಕೆ ಬೇಕಾದಷ್ಟನ್ನು ದುಡಿದು ಗಳಿಸುವುದು ಪ್ರತಿಯೊಬ್ಬನ ಕರ್ತವ್ಯವೆಂಬುದೂ, ದುಡಿಮೆಯನ್ನು ಬಿಟ್ಟು ಪರರ ಕೈನೋಡುವುದು ವೈರಾಗ್ಯವಲ್ಲವೆಂಬುದೂ ಅದರ ತಾತ್ಪರ್ಯ. ಎರಡನೆಯ ನೆಲೆಯು ತತ್ತ್ವಶಾಸ್ತ್ರದ್ದು. ಹತ್ತನೆಯ ಶತಮಾನದ ಅಲ್-ಅಶ್ಅರೀಯ ಅನುಯಾಯಿಗಳ ಮತದಂತೆ ಸಕಲ ಕ್ರಿಯೆಗಳನ್ನೂ ಸೃಷ್ಟಿಸತಕ್ಕವನು ಪರಮಾತ್ಮನೇ. ಮನುಷ್ಯನಾದರೋ ಆ ಕ್ರಿಯೆಯನ್ನು ತನ್ನದಾಗಿ ‘ಗಳಿಸಿಕೊಳ್ಳುವನು’; ಆ ಗಳಿಕೆಯೇ ಕಸ್ಬ್. ಹಾಗಾದರೆ ಕುಶಲಿಯು ‘ಇದನ್ನು ಸೃಷ್ಟಿಸಿದವನು ನಾನು’ ಎಂದು ಹೇಳುವಂತಿಲ್ಲ. ತನ್ನ ಕೈಯಲ್ಲಿ ನಡೆದ ಕೆಲಸವನ್ನು ಆತನು ಶ್ರದ್ಧೆಯಿಂದ ತನ್ನದಾಗಿಸಿಕೊಂಡನು ಎಂದಷ್ಟೇ ಹೇಳಬಹುದು. ಪರಮಾತ್ಮನ ನಾಮಗಳಲ್ಲಿ ‘ಅಲ್-ಮುಸವ್ವಿರ್’, ಎಂದರೆ ರೂಪವನ್ನು ಕೊಡತಕ್ಕವನು ಎಂಬುದು ಒಂದು. ಪಾರಸೀಕದಲ್ಲಿಯೂ ಉರ್ದುವಿನಲ್ಲಿಯೂ ಚಿತ್ರಕಾರನಿಗೂ ಅದೇ ಹೆಸರು. ಒಂದೇ ಹೆಸರು ಇಬ್ಬರಿಗೂ ಸಲ್ಲುವುದರಿಂದಲೇ ಚಿತ್ರಕಾರನು ವಿನಯವನ್ನು ಬಿಡಬಾರದೆಂಬ ಎಚ್ಚರಿಕೆಯು ಆ ಮತದಲ್ಲಿ ತೀವ್ರವಾಗಿ ಬೆಳೆಯಿತು.

ಇನ್ನು ಕುಶಲಕರ್ಮಿಗಳ ಸಂಘಗಳಲ್ಲಿದ್ದ ನಂಬಿಕೆಯನ್ನು ನೋಡೋಣ. ಕುರಾನಿನಲ್ಲಿ ಪ್ರವಾದಿ ದಾವೂದನಿಗೆ ಕಬ್ಬಿಣವು ಮೆತ್ತಗಾಯಿತೆಂದೂ ಕವಚವನ್ನು ಹೆಣೆಯುವ ವಿದ್ಯೆಯು ಆತನಿಗೆ ಕಲಿಸಲ್ಪಟ್ಟಿತೆಂದೂ, ನೂಹನು ದೇವರ ಅಪ್ಪಣೆಯಂತೆ ನಾವೆಯನ್ನು ಕಟ್ಟಿದನೆಂದೂ ಹೇಳಲ್ಪಟ್ಟಿದೆ. ಇದರಿಂದ ಕಮ್ಮಾರರಿಗೆ ದಾವೂದನು, ಬಡಗಿಗಳಿಗೆ ನೂಹನು, ದರ್ಜಿಗಳಿಗೆ ಇದ್ರೀಸನು ಆದಿಗುರುಗಳೆಂಬ ಸಂಪ್ರದಾಯವು ಹುಟ್ಟಿತು. ನಮ್ಮ ಹಿಂದೂಸ್ಥಾನದಲ್ಲಿ ‘ಕಸಬ್‌ನಾಮಾ’ ಎಂಬ ಕಿರುಹೊತ್ತಗೆಗಳು ನೇಕಾರರೇ ಮೊದಲಾದ ಕಸಬುದಾರರ ಬಳಿ ಇರುತ್ತಿದ್ದುವು. ಕೆಲಸಕ್ಕೆ ಕೈಯಿಡುವ ಮುನ್ನ ಯಾವ ಪ್ರಾರ್ಥನೆ, ಉಪಕರಣವನ್ನು ಎತ್ತಿಕೊಳ್ಳುವಾಗ ಯಾವ ಸ್ಮರಣೆ ಎಂಬ ವಿಧಿಗಳು ಅವುಗಳಲ್ಲಿದ್ದುವು. ಉಳಿ, ಮಗ್ಗ, ಕುಲುಮೆಗಳು ಜಪಮಾಲೆಯಂತೆ ಪವಿತ್ರವಾದುವು ಎಂಬುದು ಅದರ ಭಾವ.

ಈ ಜನಪದ ಸಂಪ್ರದಾಯಕ್ಕೆ ಶಾಸ್ತ್ರೀಯವಾದ ತಳಹದಿಯನ್ನು ಹಾಕಿದವರು ಹತ್ತನೆಯ ಶತಮಾನದಲ್ಲಿ ಬಸ್ರಾ ನಗರದಲ್ಲಿದ್ದ ‘ಇಖ್ವಾನ್ ಅಲ್-ಸಫಾ’, ಎಂದರೆ ‘ಶುದ್ಧಿಯ ಸೋದರರು’ ಎಂಬ ವಿದ್ವದ್ಗೋಷ್ಠಿಯವರು. ತಮ್ಮ ಹೆಸರುಗಳನ್ನು ಮರೆಮಾಡಿಕೊಂಡು ಇವರು ಬರೆದ ಐವತ್ತಕ್ಕೂ ಮೇಲ್ಪಟ್ಟ ಪತ್ರಪ್ರಬಂಧಗಳಲ್ಲಿ ಒಂದು ಕೇವಲ ಕೈಗೆಲಸಗಳ ವಿಚಾರಕ್ಕೇ ಮೀಸಲಾಗಿದೆ. ಮನುಷ್ಯನು ಏನನ್ನಾದರೂ ಮಾಡಬೇಕಾದರೆ ದ್ರವ್ಯ, ಸ್ಥಳ, ಕಾಲ, ಉಪಕರಣ, ಅಂಗ, ಚಲನೆ ಎಂಬಿವು ಆತನಿಗೆ ಬೇಕು. ಇವೆಲ್ಲಕ್ಕೂ ಮೊದಲು ಮಾಡಬೇಕಾದ ವಸ್ತುವಿನ ರೂಪವು ಆತನ ಆತ್ಮದಲ್ಲಿ ಇರಬೇಕು. ಅಂತರಂಗದ ರೂಪವನ್ನು ಹೊರಗಣ ದ್ರವ್ಯದಲ್ಲಿ ಇಳಿಸುವುದೇ ಕುಶಲಕರ್ಮವೆಂದು ಅವರು ನಿರ್ಣಯಿಸಿದರು.

ಕಸಬುಗಳ ಶ್ರೇಷ್ಠತೆಯನ್ನು ಅವರು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲವೆಂಬುದು ವಿಶೇಷ. ಕೆಲವು ಕಸಬುಗಳು ದ್ರವ್ಯದ ಬೆಲೆಯಿಂದ ಶ್ರೇಷ್ಠವಾದುವು. ಅಕ್ಕಸಾಲಿಗನ ಕೆಲಸವೂ ಗಂಧದ್ರವ್ಯದವನ ಕೆಲಸವೂ ಇಂತಹವು. ಕೆಲವು ತಯಾರಾದ ವಸ್ತುವಿನಿಂದ ಶ್ರೇಷ್ಠವಾದುವು; ನಕ್ಷತ್ರಗಳನ್ನು ಅಳೆಯುವ ಯಂತ್ರವನ್ನು ಮಾಡುವವನ ಕೈಯಲ್ಲಿ ಅಗ್ಗದ ತಾಮ್ರದ ತುಂಡು ಬಹುಮೂಲ್ಯವಾಗುವುದು. ಕೆಲವು ಅವಶ್ಯಕತೆಯಿಂದ ಶ್ರೇಷ್ಠ; ಬೇಸಾಯ, ನೆಯ್ಗೆ, ಮನೆಕಟ್ಟುವುದು ಈ ವರ್ಗದವು. ಕೆಲವು ಸರ್ವಜನೋಪಯೋಗದಿಂದ ಶ್ರೇಷ್ಠ. ಸ್ನಾನಗೃಹದವನೂ ಬೀದಿ ಗುಡಿಸುವವನೂ ಇಲ್ಲಿ ಸೇರುತ್ತಾರೆ. ಸುಗಂಧದ ಅಂಗಡಿಗಳು ಬಹುದಿನ ಮುಚ್ಚಿದ್ದರೂ ಊರಿಗೆ ಹಾನಿಯಿಲ್ಲ. ಗುಡಿಸುವವರು ಕೆಲವೇ ದಿನ ಕೈಬಿಟ್ಟರೆ ಊರಿನಲ್ಲಿ ಬಾಳಲಾಗದು, ಎಂಬುದು ಅವರ ಯುಕ್ತಿ. ಕಡೆಯದಾಗಿ, ಕೆಲವು ಕಸಬುಗಳು ಕೇವಲ ತಮ್ಮ ನೈಪುಣ್ಯದಿಂದಲೇ ಶ್ರೇಷ್ಠವೆನಿಸುವುವು. ಚಿತ್ರಕಾರ, ಗಾಯಕ, ಕೈಚಳಕದವನು ಇವರು ಈ ವರ್ಗದವರು. ಇಂದು ‘ಕಲೆ’ ಎಂದು ಪ್ರತ್ಯೇಕಿಸಿ ಪೀಠವನ್ನು ಕೊಟ್ಟಿರುವ ಚಿತ್ರವೂ ಸಂಗೀತವೂ ಆ ಪಂಕ್ತಿಯಲ್ಲಿ ಗುಡಿಸುವವನ ಪಕ್ಕದಲ್ಲಿಯೇ ಕುಳಿತಿವೆ. ಚಿತ್ರಕಾರನಿಗೆ ಅದರಿಂದ ಕುಂದಿಲ್ಲ, ಗುಡಿಸುವವನಿಗೆ ಮಾತ್ರ ಗೌರವವುಂಟು.

ಹಾಗಾದರೆ ನೈಪುಣ್ಯವೆಂದರೇನು? ಕೈ ಮಾಡುವುದನ್ನು ಮನಸ್ಸು ಬಲ್ಲುದೇ, ಮನಸ್ಸು ಬಲ್ಲುದನ್ನು ಕೈ ಮಾಡುವುದೇ? ಅಲ್-ಫಾರಾಬಿಯು ತನ್ನ ದೊಡ್ಡ ಸಂಗೀತಗ್ರಂಥದಲ್ಲಿ ಪ್ರಯೋಗವು ಮೊದಲು ಹುಟ್ಟಿತು, ಶಾಸ್ತ್ರವು ತರುವಾಯ ಬಂದಿತು ಎಂದು ಪ್ರತಿಪಾದಿಸಿದನು. ಹಾಡಿದವರಿದ್ದುದರಿಂದಲೇ ಸ್ವರಗಳನ್ನು ಎಣಿಸುವವರು ಹುಟ್ಟಿಕೊಂಡರು. ವೈದ್ಯನೂ ತತ್ತ್ವಜ್ಞನೂ ಆಗಿದ್ದ ಇಬ್ನ್ ಸೀನಾ (೯೮೦–೧೦೩೭) ಇನ್ನೂ ಸೂಕ್ಷ್ಮವಾದ ಮಾತನ್ನು ಹೇಳಿದನು. ನುರಿತ ಲಿಪಿಕಾರನು ಪ್ರತಿಯೊಂದು ಅಕ್ಷರಕ್ಕೂ ನಿಂತು ಯೋಚಿಸತೊಡಗಿದರೆ, ವೀಣೆಯವನು ಪ್ರತಿಯೊಂದು ಮೀಟಿಗೂ ಆಲೋಚಿಸತೊಡಗಿದರೆ, ಕೈ ತಡವರಿಸಿ ಕೆಲಸವೇ ಕೆಡುವುದು. ಕುಶಲವು ಪಕ್ವವಾದಾಗ ಆಲೋಚನೆಯು ಕೈಯಲ್ಲಿ ಕರಗಿಹೋಗಿರುವುದೆಂದು ಇದರ ಸಾರಾಂಶ.

ಈ ಸ್ಥಿತಿಗೆ ಅವರು ಕೊಟ್ಟ ಪಾರಿಭಾಷಿಕ ಹೆಸರು ‘ಮಲಕಾ’. ಅದನ್ನು ವಿಸ್ತಾರವಾಗಿ ವಿವರಿಸಿದವನು ಟ್ಯೂನಿಸ್ ನಗರದಲ್ಲಿ ಹುಟ್ಟಿದ ಇಬ್ನ್ ಖಲ್ದೂನ್ (೧೩೩೨–೧೪೦೬). ೧೩೭೭ರಲ್ಲಿ ರಚಿತವಾದ ಆತನ ‘ಮುಕದ್ದಿಮಾ’ದಲ್ಲಿ ಕಸಬುಗಳಿಗಾಗಿಯೇ ದೀರ್ಘವಾದ ಭಾಗವಿದೆ. ಬೇಸಾಯ, ವಾಸ್ತು, ಬಡಗಿತನ, ನೆಯ್ಗೆ ಮತ್ತು ಹೊಲಿಗೆ, ಸೂಲಗಿತ್ತಿಯ ಕೆಲಸ, ವೈದ್ಯ, ಲಿಪಿ, ಗ್ರಂಥನಿರ್ಮಾಣ, ಗಾಯನ, ಹೀಗೆ ಒಂದೊಂದನ್ನೂ ಆತನು ವಿಚಾರಿಸಿದ್ದಾನೆ. ಒಂದು ಕ್ರಿಯೆಯನ್ನು ಮತ್ತೆಮತ್ತೆ ಮಾಡುತ್ತಿರಲು ಅದರ ರೂಪವು ಆತ್ಮದಲ್ಲಿ ಬೇರುಬಿಟ್ಟು ನಿಲ್ಲುವುದು. ಆ ಬೇರೂರಿದ ಗುಣವೇ ಮಲಕಾ. ಕೇಳಿ ಕಲಿತುದಕ್ಕಿಂತ ಕಣ್ಣಾರೆ ಕಂಡು ಕಲಿತುದು ಗಟ್ಟಿ. ಗುರುವಿನ ಮಲಕಾ ಎಷ್ಟು ಪಕ್ವವೋ ಶಿಷ್ಯನದೂ ಅಷ್ಟೇ ಪಕ್ವ. ಒಂದು ಕಸಬಿನ ಬಣ್ಣವು ಆತ್ಮಕ್ಕೆ ಹತ್ತಿದಮೇಲೆ ಮತ್ತೊಂದರ ಬಣ್ಣ ಹತ್ತುವುದು ದುರ್ಲಭ. ಆದ್ದರಿಂದ ಒಳ್ಳೆಯ ದರ್ಜಿಯು ಒಳ್ಳೆಯ ಬಡಗಿಯೂ ಆಗುವುದು ಅಪರೂಪ. ಮೇಲಾಗಿ ಕಸಬು ಬುದ್ಧಿಯನ್ನೇ ಬೆಳೆಸುವುದೆಂದು ಆತನ ಮತ. ಕೈಗೆಲಸವು ಬುದ್ಧಿಗೆ ಹೊರತಾದುದೆಂಬ ಭಾವನೆಗೆ ಇದು ಸರಿಯಾದ ಉತ್ತರ.

ಇಮಾಮ್ ಅಲ್-ಗಜಾಲಿಯು (೧೦೫೮–೧೧೧೧) ಇದಕ್ಕೆ ಆಧ್ಯಾತ್ಮಿಕವಾದ ಮುಖವನ್ನು ತೋರಿಸಿದನು. ಹೊರಗಣ ಸೌಂದರ್ಯವು ಕಣ್ಣಿಗೆ ಗೋಚರ, ಒಳಗಣ ಸೌಂದರ್ಯವು ಹೃದಯದ ಕಣ್ಣಿಗೆ ಗೋಚರ. ಒಳ್ಳೆಯ ಬರೆಹವನ್ನೋ ಒಳ್ಳೆಯ ಕಟ್ಟಡವನ್ನೋ ಕಂಡವನು ಅದನ್ನು ಮಾಡಿದವನ ಅಂತರಂಗದ ಗುಣವನ್ನು ಅರಿತು ಆತನನ್ನು ಮೆಚ್ಚುವನು. ಹಾಗೆಯೇ ಈ ಜಗತ್ತಿನ ರಚನೆಯನ್ನು ಕಂಡವನು ಅದರ ಕರ್ತನನ್ನು ಪ್ರೀತಿಸುವನು ಎಂದು ಆತನ ಉಪದೇಶ. ಮಾಡುವ ಕೆಲಸವನ್ನು ಚೆಂದವಾಗಿ, ದೇವರು ನೋಡುತ್ತಿರುವನೆಂಬ ಅರಿವಿನಿಂದ ಮಾಡುವುದಕ್ಕೆ ಆ ಮತದಲ್ಲಿ ‘ಇಹ್ಸಾನ್’ ಎಂದು ಹೆಸರು. ‘ಹುಸ್ನ್’ ಎಂಬ ಸೌಂದರ್ಯವಾಚಕ ಶಬ್ದದ ಧಾತುವೇ ಇದಕ್ಕೂ ಮೂಲ. ಸತ್ಕರ್ಮವೂ ಸುಂದರಕರ್ಮವೂ ಒಂದೇ ಬೇರಿನ ಎರಡು ಕವಲುಗಳಾದುವು.

ಇಷ್ಟೂ ಗ್ರಂಥದ ಮಾತಾಯಿತು. ಇದಕ್ಕೆ ಕರ್ಣಾಟಕದಲ್ಲಿ ಪ್ರತ್ಯಕ್ಷ ಪ್ರಮಾಣವನ್ನು ಹುಡುಕುವವರು ನಾಡಿನ ಉತ್ತರದ ತುದಿಯಲ್ಲಿರುವ ಬೀದರಿಗೆ ಹೋಗಬೇಕು. ಬಹಮನಿ ಸುಲ್ತಾನನಾದ ಒಂದನೆಯ ಅಹಮದ್ ಷಹನು (೧೪೨೨–೧೪೩೬) ಕಲಬುರ್ಗಿಯಿಂದ ರಾಜಧಾನಿಯನ್ನು ಅಲ್ಲಿಗೆ ತಂದನು. ಪಾರಸೀಕ ದೇಶದಿಂದ ವಿದ್ವಾಂಸರೂ ಸಂತರೂ ಕುಶಲಿಗಳೂ ಅಲ್ಲಿಗೆ ಬಂದರು. ೧೪೭೨ರಲ್ಲಿ ಮಂತ್ರಿ ಮಹಮೂದ್ ಗಾವಾನನು ಕಟ್ಟಿಸಿದ ಮದರಸಾ ಎಂಬ ವಿದ್ಯಾಪೀಠದ ಗೋಡೆಗಳಲ್ಲಿ ಬಣ್ಣದ ಹೆಂಚಿನ ಕೆಲಸವು ಇಂದಿಗೂ ಅಲ್ಲಲ್ಲಿ ಉಳಿದಿದೆ. ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ, ಬರೀದ ಷಾಹಿ ದೊರೆ ಅಲಿಯ ಕಾಲದಲ್ಲಿ (೧೫೪೨–೧೫೮೦), ಕರಿಯ ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೆತ್ತಿ ಕೂಡಿಸಿದ್ದಾರೆ. ಕಪ್ಪು ನೆಲದ ಮೇಲೆ ಬಿಳಿಯ ರೇಖೆ ಎಂಬ ಈ ಅಭಿರುಚಿಯೇ ಲೋಹದಲ್ಲಿ ಮೂಡಿದುದು ‘ಬಿದರಿ’ ಎಂದು ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ಕೆಲಸದಲ್ಲಿ.

ಬಿದರಿಯ ಕ್ರಮವನ್ನು ಸಂಗ್ರಹವಾಗಿ ಹೇಳಬಹುದು. ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ, ಸಾಮಾನ್ಯವಾಗಿ ಹದಿನಾರಕ್ಕೆ ಒಂದರಂತೆ, ಕರಗಿಸಿ ಮರಳಿನ ಅಚ್ಚಿನಲ್ಲಿ ಎರಕಹೊಯ್ಯುವರು. ಎರಕವನ್ನು ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರನ್ನು ಬಳಿದು ತಾತ್ಕಾಲಿಕವಾಗಿ ಕಪ್ಪುಮಾಡುವರು. ಆ ಕಪ್ಪಿನ ಮೇಲೆ ಮೊನೆಯಿಂದ ಬಳ್ಳಿ, ಹೂ, ನಕ್ಷತ್ರ, ಅಕ್ಷರಗಳನ್ನು ಗೀರುವರು. ಬಹಳಮಟ್ಟಿಗೆ ಇದು ಅಳತೆಗೋಲಿಲ್ಲದೆ ಬರಿಯ ಕೈಯಿಂದ ನಡೆಯತಕ್ಕದ್ದು. ತರುವಾಯ ಸಣ್ಣ ಉಳಿಗಳಿಂದ ಗೀರನ್ನು ಕೆತ್ತಿ, ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ಬಡಿದು ಕೂಡಿಸುವರು. ತಂತಿಯ ಕೆಲಸಕ್ಕೆ ‘ತಾರ್‌ಕಶಿ’ ಎಂದೂ, ತಗಡನ್ನು ಆಳವಾಗಿ ಕೂಡಿಸುವುದಕ್ಕೆ ‘ತೆಹ್‌ನಿಶಾನ್’ ಎಂದೂ, ಮೇಲಕ್ಕೆ ಉಬ್ಬಿನಿಲ್ಲುವಂತೆ ಮಾಡುವುದಕ್ಕೆ ‘ಜರ್‌ಬುಲಂದ್’ ಎಂದೂ ಹೆಸರು. ಕಡೆಯಲ್ಲಿ ಪಾತ್ರೆಯನ್ನು ಹದವಾಗಿ ಕಾಯಿಸಿ, ಬೀದರಿನ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ನೀರಿನಲ್ಲಿ ಕಲಸಿ ಹಚ್ಚಿ ಉಜ್ಜುವರು. ಲೋಹವೆಲ್ಲವೂ ಕಾಡಿಗೆಯಂತೆ ಕಪ್ಪಾಗುವುದು, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುವುದು. ಬಿಸಿಲು ಮಳೆಗಳನ್ನು ಕಾಣದ ಮೂಲೆಯ ಮಣ್ಣೇ ಇದಕ್ಕೆ ಆಗಬೇಕೆಂದೂ, ನಾಲಗೆಯ ಮೇಲಿಟ್ಟು ರುಚಿ ನೋಡಿ ಅದರ ಯೋಗ್ಯತೆಯನ್ನು ಗೊತ್ತುಮಾಡಬೇಕೆಂದೂ ಕಸಬುದಾರರು ಹೇಳುತ್ತಾರೆ. ಬರಿಯ ಸತುವು ಹೀಗೆ ಕಪ್ಪಾಗದು, ಬೆರೆತಿರುವ ಅಲ್ಪ ತಾಮ್ರವೇ ಈ ಕಪ್ಪಿಗೆ ಕಾರಣವೆಂದು ರಸಾಯನಶಾಸ್ತ್ರಜ್ಞರು ಇತ್ತೀಚಿನ ಕಾಲದಲ್ಲಿ ಕಂಡುಕೊಂಡರು. ಶತಮಾನಗಳ ಹಿಂದಿನ ಉಸ್ತಾದನಿಗೆ ಆ ಶಾಸ್ತ್ರವಿರಲಿಲ್ಲ, ಪ್ರಯೋಗವಿದ್ದಿತು. ಪ್ರಯೋಗವು ಮುಂದೆ, ಶಾಸ್ತ್ರವು ಹಿಂದೆ ಎಂಬ ಫಾರಾಬಿಯ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ಬೇಡ.

ಈಗ ಇಖ್ವಾನರ ಪಟ್ಟಿಯನ್ನು ಇದಕ್ಕೆ ಹೊಂದಿಸಿ ನೋಡಬಹುದು. ದ್ರವ್ಯ ಸತುವು, ತಾಮ್ರ, ಬೆಳ್ಳಿ, ಸ್ಥಳ ಬೀದರು, ಅಲ್ಲಿನ ಮಣ್ಣು, ಕಾಲವೆಂದರೆ ಕಾಯಿಸುವ ಹದ, ಉಪಕರಣ ಉಳಿ ಸುತ್ತಿಗೆ, ಅಂಗವು ಕೈ ಮತ್ತು ನಾಲಗೆ ಕೂಡ, ಚಲನೆಯು ಬಡಿತ. ಎಲ್ಲಕ್ಕೂ ಮೊದಲು ಬಳ್ಳಿಯ ರೂಪವು ಉಸ್ತಾದನ ಒಳಗೆ ಇರತಕ್ಕದ್ದು. ಬರೆದ ನಕ್ಷೆಯನ್ನು ನೋಡದೆ ಆತನ ಕೈ ಬಾಗಿಬಾಗಿ ಸಾಗುವಾಗ ಆತನು ಯೋಚಿಸುತ್ತಿಲ್ಲ. ಆದರೆ ಬುದ್ಧಿಯಿಲ್ಲದೆಯೂ ಇಲ್ಲ. ಅದೇ ಮಲಕಾ. ಇಲ್ಲಿ ಕಸಬು ಎಲ್ಲಿ ಮುಗಿಯಿತು, ಕಲೆ ಎಲ್ಲಿ ಮೊದಲಾಯಿತು ಎಂದು ಯಾರು ಗೆರೆ ಎಳೆಯಬಲ್ಲರು? ಎರಕ ಕೆಟ್ಟರೆ ಬಳ್ಳಿಯಿಲ್ಲ, ಉಜ್ಜುವುದು ಕೆಟ್ಟರೆ ಕಪ್ಪಿಲ್ಲ. ‘ಮೈಗೆಲಸ’ವೆಂದು ಕೀಳ್ಗಾಣುವ ಭಾಗವೇ ‘ಕಲೆ’ ಎಂದು ಮೆಚ್ಚುವ ಭಾಗವನ್ನು ಹೊತ್ತುನಿಂತಿದೆ.

ಅಹಮದ್ ಷಹನ ಸಮಾಧಿಯು ಬೀದರಿನ ಸಮೀಪದ ಅಷ್ಟೂರಿನಲ್ಲಿದೆ. ಅದರ ಒಳಮೈಯೆಲ್ಲವೂ ಬಣ್ಣದ ಚಿತ್ರವಲ್ಲಿಗಳಿಂದಲೂ ಬಂಗಾರದ ಅಕ್ಷರಗಳಿಂದಲೂ ತುಂಬಿದೆ. ಆತನನ್ನು ಮುಸಲ್ಮಾನರು ‘ವಲಿ’ ಎಂದೂ, ಲಿಂಗಾಯತರಲ್ಲಿ ಅನೇಕರು ಅಲ್ಲಮಪ್ರಭುವಿನ ಸ್ವರೂಪನೆಂದೂ ಗೌರವಿಸುವರು. ವರ್ಷಂಪ್ರತಿ ನಡೆಯುವ ಉರುಸಿಗೆ ಕಲಬುರ್ಗಿ ಸೀಮೆಯ ಮಾಡಿಯಾಳದಿಂದ ಜಂಗಮರು ಭಕ್ತರೊಡನೆ ಬರುವ ಪದ್ಧತಿಯಿದೆ. ಬಿದರಿ ಕೆಲಸವನ್ನು ಮುಸಲ್ಮಾನರಂತೆಯೇ ಲಿಂಗಾಯತರೂ ಮಾಡಿಕೊಂಡು ಬಂದರು. ಒಂದೇ ಕುಲುಮೆಯ ಬಳಿ ಕಸ್ಬ್ ಎಂದು ಬಗೆದು ಒಬ್ಬನು, ಕಾಯಕವೆಂದು ಬಗೆದು ಇನ್ನೊಬ್ಬನು ಕುಳಿತುದುಂಟು.

ಇಲ್ಲಿ ಪೂರ್ವಪಕ್ಷವನ್ನು ಎತ್ತುವುದು ನ್ಯಾಯ. “ಗ್ರಂಥಗಳಲ್ಲಿ ಕಸಬಿಗೆ ಇಷ್ಟು ಗೌರವವಿದ್ದರೆ ಲೋಕದಲ್ಲಿ ಏಕೆ ಇರಲಿಲ್ಲ? ನೇಕಾರನನ್ನೂ ಚರ್ಮ ಹದಮಾಡುವವನನ್ನೂ ರಕ್ತ ತೆಗೆಯುವವನನ್ನೂ ಮುಸಲ್ಮಾನ ನಗರಗಳಲ್ಲಿ ಹಳಿಯುತ್ತಿದ್ದರಲ್ಲವೇ? ವಿವಾಹಸಂಬಂಧದಲ್ಲಿ ಸಮಾನತೆಯನ್ನು ನೋಡುವಾಗ ಹನಫೀ ಧರ್ಮಶಾಸ್ತ್ರಜ್ಞರೇ ಕಸಬಿನ ಮೇಲುಕೀಳನ್ನು ಎಣಿಸಲಿಲ್ಲವೇ? ತತ್ತ್ವಜ್ಞರೂ ಜ್ಞಾನಕ್ಕೆ ಮೇಲಿನ ಮೆಟ್ಟಲನ್ನೂ ಕೈಗೆ ಕೆಳಗಿನ ಮೆಟ್ಟಲನ್ನೂ ಕೊಟ್ಟರಲ್ಲವೇ?” ಎಂದು.

ಈ ಆಕ್ಷೇಪವು ಸತ್ಯವಾದುದು, ಅದನ್ನು ಮುಚ್ಚಿಡಬೇಕಾದುದಿಲ್ಲ. ಗ್ರಂಥದಲ್ಲಿ ಸಮ್ಮಾನ, ಬೀದಿಯಲ್ಲಿ ತಾತ್ಸಾರ ಎಂಬ ರೋಗವು ಒಂದು ಮತಕ್ಕೆ ಸೇರಿದುದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಮುಂತಾದ ಶರಣರ ಹೆಸರುಗಳೊಡನೆ ಅವರ ಕಾಯಕದ ಹೆಸರುಗಳೂ ಪೂಜ್ಯವಾದುವು. ಆದರೂ ಆ ಹೆಸರುಗಳನ್ನು ಭಕ್ತಿಯಿಂದ ಉಚ್ಚರಿಸುವ ಬಾಯಿಯೇ ಊರಿನ ಚಮ್ಮಾರನನ್ನು ಏಕವಚನದಲ್ಲಿ ಕರೆಯುವುದನ್ನು ಬಲ್ಲವರಿಗೆ, ಬಸ್ರಾದ ಸೋದರರ ಮಾತು ಬಸ್ರಾದ ಬೀದಿಯಲ್ಲಿ ನಡೆಯದೆಹೋದುದು ಆಶ್ಚರ್ಯವಲ್ಲ. ಕಸ್ಬ್‌ಗೂ ಕಾಯಕಕ್ಕೂ ತತ್ತ್ವದಲ್ಲಿ ಭೇದವುಂಟೆಂಬುದನ್ನೂ ಮರೆಯಬಾರದು. ಕಸ್ಬ್ ದೇವರ ಸೃಷ್ಟಿಯಲ್ಲಿ ಮನುಷ್ಯನು ಪಡೆದ ಪಾಲು. ಕಾಯಕವಾದರೋ ದಾಸೋಹದಲ್ಲಿ ಸಮರ್ಪಿತವಾಗಬೇಕಾದುದು. ಆದರೆ ದುಡಿಯದೆ ಉಣ್ಣುವುದು ಸಲ್ಲದು, ಕೆಲಸದಲ್ಲಿ ಮೋಸವು ದೇವರಿಗೆ ಮಾಡಿದ ಮೋಸ, ಎಂಬೆಡೆಯಲ್ಲಿ ಎರಡೂ ಕೈಕೂಡುವುವು.

ಎರಡನೆಯ ಆಕ್ಷೇಪವೂ ಒಂದುಂಟು. ಜೀವಿಗಳ ಚಿತ್ರವನ್ನು ಬರೆಯಬಾರದೆಂಬ ನಿಷೇಧವಿದ್ದಲ್ಲಿ ಕಲೆಗೆ ಎಡೆಯೆಲ್ಲಿ ಎಂದು. ಆ ನಿಷೇಧವು ಮುಖ್ಯವಾಗಿ ಆರಾಧನಾಸ್ಥಾನಗಳಿಗೆ ಸಂಬಂಧಪಟ್ಟು ನಡೆದುದು, ಅರಮನೆಗಳಲ್ಲಿ ಚಿತ್ರಕಾರರಿದ್ದರು. ಆದರೆ ನಿಷೇಧದ ಫಲವಾಗಿ ಕುಶಲವೆಲ್ಲವೂ ಅಕ್ಷರದ ಕಡೆಗೂ ರೇಖಾಗಣಿತದ ಕಡೆಗೂ ಬಳ್ಳಿಯ ಕಡೆಗೂ ಹರಿಯಿತೆಂಬುದು ನಿಜ. ವಿಜಾಪುರದಲ್ಲಿ ಎರಡನೆಯ ಇಬ್ರಾಹಿಮ್ ಆದಿಲ್ ಷಹನು (೧೫೮೦–೧೬೨೭) ರಾಗಗಳಿಗೆ ಹೊಂದಿಸಿದ ‘ಕಿತಾಬ್-ಇ-ನವರಸ್’ ಎಂಬ ಗೀತಗಳ ಗ್ರಂಥವನ್ನು ದಖನಿಯಲ್ಲಿ ರಚಿಸಿದನು. ಖಲೀಲುಲ್ಲಾ ಎಂಬ ಲಿಪಿಕಾರನಿಗೆ ಆತನು ‘ಲೇಖನಿಯ ಪಾದಶಹ’ ಎಂಬ ಬಿರುದನ್ನು ಕೊಟ್ಟನು. ಅಕ್ಷರವನ್ನು ಬರೆಯುವ ಕಸಬುದಾರನಿಗೆ ದೊರೆಯೊಬ್ಬನು ತನ್ನದೇ ಪದವಿಯ ಹೆಸರನ್ನು ಇತ್ತನೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಇಬ್ರಾಹಿಮ್ ರೋಜಾದ ಗೋಡೆಗಳಲ್ಲಿ ಕಲ್ಲಿನಲ್ಲಿ ಕೊರೆದ ಅಕ್ಷರಜಾಲವನ್ನು ಕಂಡವರು ಕಲ್ಲುಕುಟಿಗನೂ ಲಿಪಿಕಾರನೂ ಅಲ್ಲಿ ಒಂದೇ ಆಗಿರುವುದನ್ನು ಕಂಡಿದ್ದಾರೆ.

ಇನ್ನು ಇಂದಿನವರಿಗೆ ಇದರಿಂದ ಬರುವ ಬೋಧೆಯೇನು? ಇಬ್ನ್ ಖಲ್ದೂನನು ಕಸಬುಗಳ ವಿಷಯದಲ್ಲಿ ಒಂದು ಕಠೋರವಾದ ನಿಯಮವನ್ನು ಹೇಳಿದನು. ಕೇಳುವವರಿದ್ದರೆ ಕಸಬು ಬೆಳೆಯುವುದು, ಕೇಳುವವರಿಲ್ಲದಿದ್ದರೆ ಅಳಿಯುವುದು. ತನ್ನ ಶ್ರಮವು ವ್ಯರ್ಥವಾಗುವುದನ್ನು ಯಾವನೂ ಬಯಸನು. ಬೆಲೆಯಿಲ್ಲದ ವಿದ್ಯೆಯನ್ನು ಕಲಿಯಲು ತಂದೆಯು ಮಗನನ್ನು ಕಳುಹಿಸನು. ಬಿದರಿಯ ಹುಕ್ಕಾಬುಡ, ಪಾನ್‌ದಾನ್, ಸುರಾಹಿಗಳನ್ನು ಕೊಳ್ಳುತ್ತಿದ್ದ ಸಿರಿವಂತರ ಮನೆಗಳು ಮಾಯವಾದ ಮೇಲೆ ಆ ಕಸಬು ಬಡವಾಯಿತು. ೧೮೫೧ರಲ್ಲಿ ಲಂಡನ್ ನಗರದ ಮಹಾಪ್ರದರ್ಶನದಲ್ಲಿ ಅದನ್ನು ಕಂಡು ಜನರು ಬೆರಗಾದರು. ಆದರೆ ಬೆರಗು ಅನ್ನವಾಗುವುದಿಲ್ಲ. ೨೦೦೬ರಲ್ಲಿ ಬಿದರಿಗೆ ಭೌಗೋಳಿಕ ಗುರುತಿನ ರಕ್ಷಣೆಯು ಕಾನೂನಿನಿಂದ ದೊರೆಯಿತು. ೨೦೨೩ರಲ್ಲಿ ಬೀದರಿನ ಕುಶಲಿ ಷಾ ರಷೀದ್ ಅಹಮದ್ ಖಾದ್ರಿಯವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಇವು ಸಂತೋಷದ ವಿಷಯಗಳು. ಆದರೂ ಪ್ರಶಸ್ತಿಯು ಒಬ್ಬನಿಗೆ ಸಲ್ಲುವುದು. ಮಲಕಾ ಎಂಬುದು ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಪ್ರಶಿಷ್ಯನಿಗೆ ಇಳಿದುಬರತಕ್ಕದ್ದು. ಒಂದು ತಲೆಮಾರು ಕೈಬಿಟ್ಟರೆ, ಪುಸ್ತಕವನ್ನು ನೋಡಿ ಅದನ್ನು ಮತ್ತೆ ಎತ್ತಿಕೊಳ್ಳುವುದಕ್ಕೆ ಆಗದು. ಮಣ್ಣಿನ ರುಚಿಯನ್ನು ಪುಸ್ತಕವು ಹೇಗೆ ಹೇಳೀತು?

ಆದುದರಿಂದ ‘ಕಲೆಯನ್ನು ಉಳಿಸಿ’ ಎಂದು ಕೂಗುವವರು ಕಸಬನ್ನು ಕೀಳೆಂದು ಎಣಿಸುತ್ತಿರುವವರೆಗೂ ಕಲೆಯು ಉಳಿಯಲಾರದು. ಹೂವು ಬೇಕು, ಬೇರು ಬೇಡ ಎಂದರೆ ನಡೆಯುವುದೇ? ಕೊಳ್ಳುವವನು ಯಂತ್ರದ ವಸ್ತುವಿನ ಬೆಲೆಗೇ ಕೈಗೆಲಸವನ್ನು ಕೇಳಿದರೆ, ಉಸ್ತಾದನು ಬೆಳ್ಳಿಯನ್ನು ತೆಳುಮಾಡುವನು, ಕೆತ್ತನೆಯನ್ನು ಹಗುರಮಾಡುವನು. ಇಹ್ಸಾನ್ ಅಲ್ಲಿಗೆ 끝ವಾಗದೆ ಬೇರೆ ದಾರಿಯಿಲ್ಲ.

ಯಂತ್ರವನ್ನು ದೂಷಿಸುವುದು ಇದರ ಉದ್ದೇಶವಲ್ಲ. ಈ ಸೀಮೆಯ ಯುವಕರು ಸೋಂಪುರದ ಕಾರ್ಖಾನೆಗಳಲ್ಲಿ ದುಡಿದು ಮನೆಗೆ ಅನ್ನವನ್ನು ತರುತ್ತಿದ್ದಾರೆ. ಆ ಕಸ್ಬ್ ಕೂಡ ಪವಿತ್ರವೇ. ಅಲ್ಲಿಯೂ ಲೋಹವನ್ನು ಕಡೆಯುವ ಯಂತ್ರದ ಸದ್ದಿನಿಂದಲೇ ಅದರ ಕುಂದನ್ನು ಗುರುತಿಸುವ ಕಿವಿಯುಳ್ಳವನು ಮಲಕಾ ಪಡೆದವನೇ. ಆತನನ್ನು ಬರಿಯ ಕೂಲಿಯೆಂದು ಕಾಣುವ ಕಣ್ಣು, ಬೀದರಿನ ಉಸ್ತಾದನನ್ನು ಬರಿಯ ಅಕ್ಕಸಾಲೆಯೆಂದು ಕಾಣುವ ಕಣ್ಣು, ಶಿವಗಂಗೆಯ ನಂದಿಯನ್ನು ಕಡೆದವನ ಹೆಸರನ್ನು ಕೇಳದೆಯೇ ಕೈಮುಗಿದು ಇಳಿದುಬರುವ ಕಣ್ಣು, ಮೂರೂ ಒಂದೇ. ಇಸ್ಲಾಂ ತತ್ತ್ವಜ್ಞರ ವಿಚಾರದಿಂದ ತಿದ್ದಿಕೊಳ್ಳಬೇಕಾದುದು ಆ ಕಣ್ಣನ್ನು.

ಒಟ್ಟಿನಲ್ಲಿ ಸಿದ್ಧಾಂತವಿಷ್ಟು. ಕಲೆಯು ಕಸಬಿನಿಂದ ಬೇರೆಯಾದ ವಸ್ತುವಲ್ಲ. ರೂಪವು ಆತ್ಮದಲ್ಲಿ ಬೇರೂರಿದಾಗ ಕಸಬೇ ಕಲೆಯೆನಿಸಿಕೊಳ್ಳುವುದು. ಆ ಬೇರೂರುವಿಕೆಗೆ ದೀರ್ಘಕಾಲದ ಅಭ್ಯಾಸವೂ ಗುರುವೂ ಬೇಕು. ಕೆಲಸವನ್ನು ಅರಿತು ಸರಿಯಾದ ಬೆಲೆಯನ್ನು ಕೊಡುವ ಜನರೂ ಬೇಕು. ಮೊದಲಿನ ಎರಡು ಕುಶಲಿಯ ಪಾಲಿನವು, ಮೂರನೆಯದು ಸಮಾಜದ ಪಾಲಿನದು. ಕುಶಲಿಗಳು ತಮ್ಮ ಪಾಲನ್ನು ಇಷ್ಟು ಶತಮಾನಗಳವರೆಗೆ ಸಲ್ಲಿಸಿಕೊಂಡು ಬಂದಿದ್ದಾರೆ. ಸಮಾಜವು ತನ್ನ ಪಾಲನ್ನು ಸಲ್ಲಿಸುವುದು ಬಾಕಿಯಿದೆ.